ಡಬ್ಬಿ ಹುಡುಕೋ ಆಟ ಮತ್ತು ನಮ್ಮ ಬಾಂದು ಕಲ್ಲು

ಎರಡು ದಿನದಿಂದ ಸೋನೆ ಹಿಡಿದು ಹೊಲಕ್ಕೆ ಕಾಲಿಡೋ ಹಾಗಿಲ್ಲ. ಕೂತಲ್ಲೇ ಒಂದು ವಿಷಯ ಬರೀತೀನಿ. ಗೊಬ್ಬರದ್ದಲ್ಲ, ರೇಟಿನದ್ದೂ ಅಲ್ಲ, ಮಕ್ಕಳ ಜೊತೆ ಆಡೋ ಒಂದು ಆಟದ್ದು. ಮೊನ್ನೆ ಡೇರಿ ಹತ್ರ ಇದನ್ನ ಹೇಳಿದ್ದಕ್ಕೆ ಇಬ್ಬರು ನಕ್ಕು, "ಕೆಲಸ ಇಲ್ಲದೋರ ಆಟ ಕಣಣ್ಣ ಅದು" ಅಂದ್ರು. ನಾನು ಹಾಗೆ ಅನ್ನಲ್ಲ. ಪೂರ್ತಿ ಓದಿ, ಆಮೇಲೆ ಬೈಯಿರಿ.

ನನ್ನ ತಮ್ಮನ ಮಗಳು ಗಂಡ, ಮಕ್ಕಳ ಜೊತೆ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿದ್ದಾಳೆ. ಏಪ್ರಿಲ್‌ನಲ್ಲಿ ಊರಿಗೆ ಬಂದಾಗ ಅವಳ ಮಕ್ಕಳಿಬ್ಬರ ಕೈಲೂ ಒಂದೊಂದು ನೋಟ್‌ಬುಕ್ಕು. ತೆಗೆದು ನೋಡಿದ್ರೆ ಪುಟದ ತುಂಬ ಬರೀ ಸೀಲು. ಗಿಡ್ಡ ಕುದುರೆ, ಕಲ್ಲು ಸೇತುವೆ, ಕುರಿ ತಲೆ, ಬಂಡೆ. "ಇದೇನವ್ವಾ" ಅಂದೆ. "ಲೆಟರ್‌ಬಾಕ್ಸಿಂಗ್, ದೊಡ್ಡಪ್ಪ" ಅಂದಳು. ಬಾಕ್ಸಿಂಗ್ ಅಂದ್ರೆ ನನಗೆ ಗೊತ್ತಿದ್ದದ್ದು ಗುದ್ದಾಟ ಒಂದೇ.

ಅವರಿರೋ ಊರಿನ ಹತ್ರ ಡಾರ್ಟ್‌ಮೂರ್ ಅಂತ ದೊಡ್ಡ ಬೋಳು ಗುಡ್ಡಗಾಡು ಇದೆ. 954 ಚದರ ಕಿಲೋಮೀಟರ್. 1951ರಲ್ಲಿ ರಾಷ್ಟ್ರೀಯ ಉದ್ಯಾನ ಆಯ್ತಂತೆ. ಆದ್ರೆ ನಾಗರಹೊಳೆ ಥರ ಹುಲಿ ಕಾಡಲ್ಲ. ರೈತರು ಅಲ್ಲೇ ಇದ್ದಾರೆ, ಕುರಿ, ದನ, ಗಿಡ್ಡ ಕುದುರೆ ಮೇಯಿಸ್ತಾರೆ. ನಮ್ಮ ಗೋಮಾಳ ನೆನೆಸ್ಕೊಳ್ಳಿ, ಆದ್ರೆ ಭೂಮಿಗೆ ಬೇರೆ ಮಾಲೀಕರಿದ್ದಾರೆ, ಮೇಯಿಸೋ ಹಕ್ಕು ಮಾತ್ರ ರೈತರದ್ದು. 1854ರಲ್ಲಿ ಜೇಮ್ಸ್ ಪೆರಟ್ ಅಂತ ಒಬ್ಬ, ಚಾಗ್‌ಫರ್ಡ್ ಅನ್ನೋ ಊರಿನವನು, ಬಂದವರಿಗೆ ಗುಡ್ಡದ ದಾರಿ ತೋರಿಸೋದೇ ಅವನ ಕಸುಬು. ಕ್ರಾನ್‌ಮಿಯರ್ ಪೂಲ್ ಅನ್ನೋ ದೂರದ ಜೌಗು ಜಾಗದಲ್ಲಿ ಒಂದು ಗಾಜಿನ ಬಾಟಲಿ ಇಟ್ಟ. ಅಷ್ಟು ದೂರ ನಡೆದು ಬಂದೋರು ತಮ್ಮ ಹೆಸರಿನ ಚೀಟಿ ಅದರಲ್ಲಿ ಹಾಕಿ ಹೋಗಲಿ ಅಂತ. ಅದು ಹೆಸರಿಗೆ ಕೊಳ, ಒಳಗೆ ನೀರಿಲ್ಲ, ನಮ್ಮ ಕೆರೆಗಳ ಹಾಗೆ. ಆಮೇಲಾಮೇಲೆ ಜನ ವಿಳಾಸ ಬರೆದ ಕಾರ್ಡು ಬಿಟ್ಟು ಬರೋರು, ಮುಂದೆ ಬಂದೋನು ಎತ್ಕೊಂಡು ಹೋಗಿ ಪೋಸ್ಟಿಗೆ ಹಾಕೋನು. ಅದಕ್ಕೇ ಲೆಟರ್‌ಬಾಕ್ಸು ಅಂತ ಹೆಸರು.

ಈಗ ಅಂಥ ಡಬ್ಬಿ ಸಾವಿರಗಟ್ಟಲೆ ಇವೆ. ಒಳಗೆ ಒಂದು ರಬ್ಬರ್ ಸೀಲು, ಒಂದು ಪುಸ್ತಕ. ಹುಡುಕಿದವರು ಡಬ್ಬಿಯ ಸೀಲನ್ನ ತಮ್ಮ ಪುಸ್ತಕಕ್ಕೆ ಒತ್ಕೊಂಡು, ತಮ್ಮ ಸೀಲನ್ನ ಡಬ್ಬಿ ಪುಸ್ತಕದಲ್ಲಿ ಒತ್ತಿ, ಮೊದಲಿದ್ದ ಹಾಗೇ ಮುಚ್ಚಿಟ್ಟು ಬರಬೇಕು. ಬಹುಮಾನ ಅಂತ ಏನೂ ಇಲ್ಲ. ನೂರು ಡಬ್ಬಿ ಕಂಡವರದ್ದೇ ಒಂದು ಕ್ಲಬ್ಬು ಇದೆ, ಅಷ್ಟೇ ಮರ್ಯಾದೆ.

ರೈತನಾಗಿ ನನ್ನ ಕಿವಿ ನೆಟ್ಟಗಾಗಿದ್ದು ಅವರ ಕಟ್ಟಳೆ ಕೇಳಿ. ಕಲ್ಲುಗೋಡೆ ಸಂದಿಯಲ್ಲಿ ಡಬ್ಬಿ ಇಡಬಾರದು. ಹಳೇ ಕಾಲದ ಕಲ್ಲುಸಾಲು, ಪಾಳುಮನೆ ಮುಟ್ಟಬಾರದು. ಸಿಮೆಂಟ್ ಹಾಕಿ ಕೂರಿಸಬಾರದು. ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಗೆ ಹಗ್ಗ ಇರಲೇಬೇಕು, ಅದು ಕುರಿ ಮರಿ ಹಾಕೋ ಕಾಲ, ನೆಲದ ಮೇಲೆ ಹಕ್ಕಿ ಗೂಡು ಕಟ್ಟೋ ಕಾಲ. ಉತ್ತರದ ಕಡೆ ಮಿಲಿಟರಿಯವರು ಗುಂಡು ಹಾರಿಸೋ ದಿನ ಕೆಂಪು ಬಾವುಟ ಏರಿಸ್ತಾರೆ, ಅವತ್ತು ಒಳಗೆ ಹೋಗೋ ಹಾಗಿಲ್ಲ. ಜನರಿಗೆ ಆ ಮೇವಿನ ಭೂಮಿ ಮೇಲೆ ನಡೆಯೋ ಹಕ್ಕನ್ನ 1985ರ ಒಂದು ಕಾಯ್ದೆ ಕೊಟ್ಟಿದೆ. ನಿಜ ಹೇಳಬೇಕಂದ್ರೆ ಹೊಟ್ಟೆಕಿಚ್ಚಾಯ್ತು. ನಮ್ಮ ಬೆಟ್ಟ ನೋಡೋಕೆ ಬರೋರು ಬದು ತುಳಿದು, ಬೇಲಿ ಕಿತ್ತು, ಬಾಟಲಿ ಒಡೆದು ಹೋಗ್ತಾರೆ. ಹೋದ ಬೇಸಿಗೆ ಆ ಗಾಜಿಗೆ ನಮ್ಮ ಹಸು ಕಾಲು ಕೊಯ್ಕೊಂಡಿತ್ತು.

ಇನ್ನು ಸುಳಿವು. ಡಬ್ಬಿ ಎಲ್ಲಿದೆ ಅಂತ ನೇರ ಹೇಳಲ್ಲ. ಆ ಬಂಡೆ ತುದಿ ದಿಕ್ಸೂಚಿಯಲ್ಲಿ ಇಷ್ಟು ಡಿಗ್ರಿಗೆ ಕಾಣಬೇಕು, ಒಂಟಿ ಮರ ಇಷ್ಟು ಡಿಗ್ರಿಗೆ, ಅಲ್ಲಿಂದ ಇಷ್ಟು ಹೆಜ್ಜೆ, ಹೀಗೆ. ಅವಳು ಓದಿ ಹೇಳ್ತಿದ್ರೆ ನನಗೆ ನೆನಪಾಗಿದ್ದು ನಮ್ಮ ಕ್ರಯಪತ್ರದ ಚಕ್ಕುಬಂದಿ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿ ಜಾಡು, ದಕ್ಷಿಣಕ್ಕೆ ಸರ್ಕಾರಿ ಖರಾಬು. ಒಂದೇ ಜಾತಿ ಬರವಣಿಗೆ ಅಲ್ವಾ?

ಈಗ ನನ್ನ ಮನೆ ಕಥೆ. ಹೋದ ವರ್ಷ ಹದ್ದುಬಸ್ತಿಗೆ ಅರ್ಜಿ ಹಾಕಿದ್ದೆ. ಸರ್ವೆಯರ್ ಬರೋ ದಿನವೇ ನನಗೆ ಚಳಿಜ್ವರ. ಬೆಂಗಳೂರಿಂದ ಬಂದಿದ್ದ ಮಗನನ್ನ ಕಳಿಸಿದೆ. ಅರ್ಧ ಗಂಟೆಗೆ ಅವನ ಫೋನು. "ಅಪ್ಪಾ, ಬಾಂದು ಕಲ್ಲು ಎಲ್ಲಿದೆ?" ಇದೇ ಮನೆಯಲ್ಲಿ ಹುಟ್ಟಿದವನು, ಮೂರು ಎಕರೆ ಹನ್ನೆರಡು ಗುಂಟೆಯಲ್ಲಿ ನಾಲ್ಕು ಮೂಲೆ ತೋರಿಸೋಕೆ ಆಗಲಿಲ್ಲ. ಕೊನೆಗೆ ಪಕ್ಕದ ಹೊಲದ ಯಜಮಾನರೇ ತೋರಿಸಿದ್ರು. ಪುಣ್ಯಾತ್ಮ, ಒಂದು ಅಂಗುಲ ಆಚೆ ಈಚೆ ಮಾಡಲಿಲ್ಲ. ಎಲ್ಲರ ಪಕ್ಕದವರೂ ಹಾಗಿರಲ್ಲ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮಗನದ್ದೇನೂ ತಪ್ಪಿಲ್ಲ. "ಓದ್ಕೋ, ಬಿಸಿಲಿಗೆ ಬರಬೇಡ" ಅಂತ ಹೊಲದಿಂದ ಅಟ್ಟಿದ್ದು ನಾನೇ. ನಮ್ಮಪ್ಪ ನನ್ನನ್ನ ಎತ್ತಿನ ಹಿಂದೆ ಸುತ್ತಿಸಿ ಸುತ್ತಿಸಿ ಕಲಿಸಿದ್ದನ್ನ ನಾನು ಅವನಿಗೆ ಕಲಿಸಲೇ ಇಲ್ಲ.

ಅದಕ್ಕೇ ಏಪ್ರಿಲ್‌ನಲ್ಲಿ ಡಬ್ಬಿ ಇಡೋ ಕೆಲಸ ಅವನಿಗೇ ಕೊಟ್ಟೆ. ನಾಲ್ಕು ಹಳೇ ಟಿಫಿನ್ ಡಬ್ಬಿ, ನಾಲ್ಕು ಮೂಲೆ ಕಲ್ಲಿನ ಹತ್ರ ಒಂದೊಂದು, ಸುಳಿವೂ ನೀನೇ ಬರೀಬೇಕು ಅಂದೆ. ಸರ್ವೆ ನಕ್ಷೆ ಹಿಡ್ಕೊಂಡು ಹೋದ. ಮೂರು ಬೇಗ ಸಿಕ್ತು. ನಾಲ್ಕನೇದು ವರ್ಷದೊಳಗೇ ಲಾಂಟಾನ ಮುಚ್ಚಿತ್ತು. ಒಂದೂವರೆ ಗಂಟೆ ಹುಡುಕಿ, ಕುಡುಗೋಲಲ್ಲಿ ಸವರಿ, ಕೈಯೆಲ್ಲಾ ತರಚ್ಕೊಂಡು ಬಂದು "ಇದೆ ಅಪ್ಪಾ" ಅಂದ. ನಾನು ಕಾಫಿ ಕೊಡಿಸಿದೆ, ಇನ್ನೇನೂ ಮಾತಾಡಲಿಲ್ಲ.

ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಐದು ಮಕ್ಕಳು ಹೊರಟ್ರು. ಸೀಲಿಗೆ ದುಡ್ಡು ಹಾಕಲಿಲ್ಲ, ಪೆನ್ಸಿಲ್ ಅಳಿಸೋ ರಬ್ಬರ್‌ನ ದೊಡ್ಡವರು ಬ್ಲೇಡಲ್ಲಿ ಕೆತ್ತಿ ಕೊಟ್ವಿ. ಅಕ್ಷರ ತಿರುಗಿಸಿ ಕೆತ್ತಬೇಕು ಅನ್ನೋದು ಮೊದಲನೇದು ಹಾಳಾದ ಮೇಲೆ ಗೊತ್ತಾಯ್ತು. ಸುಳಿವಿನಲ್ಲಿ ಹೆಜ್ಜೆ ಬದಲು ಗುಂಟೆ ಲೆಕ್ಕ ಹಾಕಿದ್ದ ಮಗ. ಗುಂಟೆ ಅಂದ್ರೆ 33 ಅಡಿಗೆ 33 ಅಡಿ ಅಂತ ಇಂಗ್ಲೆಂಡಿನ ಮಕ್ಕಳೂ ಕಲಿತು ಹೋದ್ವು.

ಆದ್ರೆ ಅಲ್ಲಿನದ್ದನ್ನ ಹಾಗೇ ತಂದು ಇಲ್ಲಿ ಆಡಿಸಬೇಡಿ. ಆ ದೇಶದಲ್ಲಿ ವಿಷದ ಹಾವು ಅಂದ್ರೆ ಆಡರ್ ಅನ್ನೋದು ಒಂದೇ. ನಮ್ಮಲ್ಲಿ ನಾಗರ, ಕೊಳಕುಮಂಡಲ, ಕಟ್ಟುಹಾವು, ಎಲ್ಲಾ ಇವೆ. ಕಲ್ಲುಗುಡ್ಡೆಯೊಳಗೆ, ಹುತ್ತದ ಹತ್ರ, ಮರದ ಪೊಟರೆಯಲ್ಲಿ ಡಬ್ಬಿ ಬೇಡವೇ ಬೇಡ. ಬಯಲಲ್ಲಿ, ಕಣ್ಣಿಗೆ ಕಾಣೋ ಹಾಗೆ ಇಡಿ, ಮಕ್ಕಳು ಎಲ್ಲೂ ಕೈ ತೂರಿಸಬಾರದು. ಹಾಳು ಬಾವಿ, ಪಂಪ್‌ಸೆಟ್ ವೈರು ಇರೋ ಕಡೆ ದೊಡ್ಡವರಿಲ್ಲದೆ ಕಳಿಸಬೇಡಿ.

"ಫೋನಲ್ಲೇ ನಕ್ಷೆ ಬರುತ್ತಲ್ಲ" ಅಂತ ಡೇರಿ ಹತ್ರ ಒಬ್ಬರು ಕೇಳಿದ್ರು. ಬರುತ್ತೆ, ನಾನೂ ನೋಡ್ತೀನಿ. ನನ್ನ ಫೋನು ಒಮ್ಮೆ ನನ್ನನ್ನ ಪಕ್ಕದವರ ಹುಣಸೆಮರದ ಕೆಳಗೆ ನಿಲ್ಲಿಸಿತ್ತು. ನಮ್ಮ ಕಡೆ ನಾಲ್ಕು ಅಡಿ ಬದುವಿಗೆ ಅಣ್ಣತಮ್ಮಂದಿರು ಕೋರ್ಟು ಹತ್ತಿದ್ದಾರೆ. ಕಲ್ಲು ಎಲ್ಲಿದೆ ಅಂತ ಮಕ್ಕಳು ಕಣ್ಣಾರೆ ಕಂಡಿರಬೇಕು, ಅದಕ್ಕೆ ಆಟವಾದ್ರೂ ಸರಿ ಅನ್ನೋದು ನನ್ನ ವಾದ.

ದಸರಾ ರಜೆಗೆ ಮತ್ತೆ ಇಡೋಣ ಅಂತಿದ್ದೀನಿ, ಈ ಸಲ ಹಳ್ಳದ ದಂಡೆ ಉದ್ದಕ್ಕೂ. ಆ ಕಡೆಯ ಮೂರು ಜಮೀನಿನವರನ್ನ ಮೊದಲು ಕೇಳ್ತೀನಿ, ಒಬ್ಬರು ಬೇಡ ಅಂದ್ರೂ ಅವರ ಬದು ಬಿಟ್ಟು ಸುತ್ತು ಹಾಕೋದು. ಮಕ್ಕಳನ್ನ ಕಳಿಸೋರು ಬೂಟು ಹಾಕಿಸಿ ಕಳಿಸಿ. ರಾಗಿ ಆಗ ತೆನೆ ಬಿಟ್ಟಿರುತ್ತೆ, ಸಾಲೊಳಗೆ ಯಾರನ್ನೂ ಬಿಡಲ್ಲ, ಅದನ್ನ ಈಗಲೇ ಹೇಳಿರ್ತೀನಿ.