ಮೊಬೈಲಿನಲ್ಲಿ ದನದ ಸಂತೆ: ಕೆಚ್ಚಲು ಕಾಣುತ್ತದೆ, ಚರಿತ್ರೆ ಕಾಣುವುದಿಲ್ಲ



ದನದ ವ್ಯಾಪಾರ ಎಂದರೆ ಸಂತೆ, ಜಾತ್ರೆ, ದಲ್ಲಾಳಿ, ಟವೆಲ್ ಕೆಳಗೆ ಬೆರಳು ಹಿಡಿದು ಕುದುರಿಸುವ ಬೆಲೆ ಎನ್ನುವ ಕಾಲವಿತ್ತು. ಘಾಟಿ ಸುಬ್ರಹ್ಮಣ್ಯದಂಥ ದನದ ಜಾತ್ರೆಗಳು ಇಂದಿಗೂ ಇವೆ. ಆದರೆ 2020ರಲ್ಲಿ ಕೊರೊನಾದಿಂದ ಸಂತೆಗಳು ನಿಂತವು. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಮತ್ತೆ ನಿರ್ಬಂಧ ಬಿತ್ತು. ಆಗ ಹತ್ತಿದ ವಾಟ್ಸಾಪ್, ಫೇಸ್‌ಬುಕ್, ಯೂಟ್ಯೂಬ್ ವ್ಯಾಪಾರದ ರೂಢಿ ಸಂತೆ ತೆರೆದ ಮೇಲೂ ಬಿಟ್ಟಿಲ್ಲ. "ಎರಡನೇ ಸೂಲು, ಹೊತ್ತಿಗೆ ಹನ್ನೆರಡು ಲೀಟರ್, ಸಾಧು ಹಸು, ಯಾರು ಬೇಕಾದರೂ ಹಿಂಡಬಹುದು" ಎಂಬ ವಿಡಿಯೋ ನಿಮ್ಮ ಮೊಬೈಲಿಗೂ ಬಂದೇ ಇರುತ್ತದೆ.

ಇದನ್ನು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹಸುವನ್ನು ಸಂತೆಗೆ ಹೊಡೆದುಕೊಂಡು ಹೋಗುವ ಖರ್ಚು, ಮಾರದಿದ್ದರೆ ವಾಪಸು ತರುವ ಪಾಡು, ದಲ್ಲಾಳಿಯ ಪಾಲು, ಎಲ್ಲವೂ ಉಳಿಯುತ್ತವೆ. ಕೊಟ್ಟಿಗೆ ಕೆಲಸವೆಲ್ಲ ಮಾಡಿಯೂ ಸಂತೆಯ ಮುಖ ನೋಡದ ಹೆಣ್ಣುಮಕ್ಕಳು ಈಗ ಮನೆಯಲ್ಲಿದ್ದೇ ತಮ್ಮ ಹಸುವಿಗೆ ಬೆಲೆ ಹೇಳಬಲ್ಲರು. ತೊಂದರೆ ಇರುವುದು ಬೇರೆ ಕಡೆ.

ವಿಡಿಯೋ ಮಾರುವವನು ತೋರಿಸಬೇಕೆಂದದ್ದನ್ನು ಮಾತ್ರ ತೋರಿಸುತ್ತದೆ. ಒಂದು ಹೊತ್ತು ಹಾಲು ಹಿಂಡದೆ ಬಿಟ್ಟರೆ ಯಾವ ಕೆಚ್ಚಲೂ ತುಂಬಿ ಕಾಣುತ್ತದೆ. ಕರು ಹಾಕಿ ಆರರಿಂದ ಎಂಟು ವಾರಕ್ಕೆ ಹಾಲು ತುತ್ತತುದಿಯಲ್ಲಿರುತ್ತದೆ. ಆಗ ತೆಗೆದ ವಿಡಿಯೋವನ್ನು ನಾಲ್ಕು ತಿಂಗಳಾದ ಮೇಲೂ ಕಳಿಸಬಹುದು. ಕೆಚ್ಚಲು ಬಾವು ಬಂದು ಕುಗ್ಗಿದ ಮೊಲೆ ಆಚೆ ಬದಿಯಲ್ಲಿದ್ದರೆ ಕ್ಯಾಮೆರಾ ಈಚೆ ಬದಿಯಲ್ಲಿರುತ್ತದೆ. ಹಲ್ಲನ್ನಂತೂ ಯಾರೂ ತೋರಿಸುವುದಿಲ್ಲ.

ರೋಗದ ವಿಷಯ ಇನ್ನೂ ಗಂಭೀರ. ಕಂದು ಹಾಕಿಸುವ ಬ್ರುಸೆಲ್ಲಾ ರೋಗವಿರುವ ಹಸು ಹೊರನೋಟಕ್ಕೆ ಪೂರ್ತಿ ಆರೋಗ್ಯವಾಗಿ ಕಾಣಬಹುದು. ರಕ್ತ ಅಥವಾ ಹಾಲಿನ ಪರೀಕ್ಷೆಯಿಲ್ಲದೆ ಗೊತ್ತಾಗದು. ಅದು ಕೊಟ್ಟಿಗೆಯ ಉಳಿದ ದನಗಳಿಗೂ ಹರಡುತ್ತದೆ, ಕಂದು ಎತ್ತಿದವರಿಗೆ, ಹಸಿ ಹಾಲು ಕುಡಿದವರಿಗೂ ಬರುತ್ತದೆ. ಉಣ್ಣೆಯಿಂದ ಬರುವ ಥೈಲೇರಿಯಾ ರೋಗಾಣು ರಕ್ತದಲ್ಲಿ ಸುಮ್ಮನೆ ಅಡಗಿದ್ದು, ದೂರದ ಪ್ರಯಾಣದ ಬಳಲಿಕೆಯಲ್ಲಿ ಕೆರಳುತ್ತದೆ. ಲಾರಿ ಹತ್ತುವಾಗ ಚೆನ್ನಾಗಿದ್ದ ಹಸು ನಿಮ್ಮ ಮನೆಗೆ ಬಂದು ವಾರದಲ್ಲಿ ಜ್ವರ ಹಿಡಿದು ಮಲಗಿದರೆ, ಮಾರಿದವನ ಫೋನು ಸ್ವಿಚ್ ಆಫ್.

ಇದರಿಂದ ಕೊಳ್ಳುವವನಿಗೆ ಮಾತ್ರ ನಷ್ಟ ಎಂದುಕೊಳ್ಳಬೇಡಿ. ನಿಜ ಹೇಳುವವನ ಹಸುವೂ ಸುಳ್ಳು ಹೇಳುವವನ ಹಸುವೂ ಮೊಬೈಲಿನಲ್ಲಿ ಒಂದೇ ಥರ ಕಾಣುತ್ತವೆ. ಕೊಳ್ಳುವವನು ಇಬ್ಬರನ್ನೂ ಅನುಮಾನಿಸಿ ಇಬ್ಬರಿಗೂ ಬೆಲೆ ಇಳಿಸುತ್ತಾನೆ. ಚೆನ್ನಾಗಿ ಸಾಕಿ, ಹೊತ್ತಿಗೆ ಲಸಿಕೆ ಹಾಕಿಸಿ, ಉಳ್ಳದ್ದು ಹೇಳಿದವನೇ ಕೊನೆಗೆ ಸೋಲುತ್ತಾನೆ. ಹಾಲಿಗೆ ಫ್ಯಾಟ್ ಅಳೆಯುವ ಮೊದಲು ನೀರು ಹಾಲಿಗೂ ಗಟ್ಟಿ ಹಾಲಿಗೂ ಒಂದೇ ಬೆಲೆ ಇತ್ತು. ಅಳತೆ ಬಂದ ಮೇಲೆ ಗಟ್ಟಿ ಹಾಲಿನವನಿಗೆ ನ್ಯಾಯ ಸಿಕ್ಕಿತು. ಹಸುವಿನ ವ್ಯಾಪಾರಕ್ಕೂ ಅಂಥದ್ದೊಂದು ಅಳತೆ ಬೇಕು.

ಆ ಅಳತೆ ಆಗಲೇ ನಿಮ್ಮ ಹಸುವಿನ ಕಿವಿಯಲ್ಲಿದೆ. ಹಳದಿ ಕಿವಿಯೋಲೆಯ ಮೇಲಿನ 12 ಅಂಕಿಯನ್ನು 'ಭಾರತ್ ಪಶುಧನ್' ತಂತ್ರಾಂಶದಲ್ಲಿ ಹಾಕಿದರೆ ಆ ರಾಸಿನ ತಳಿ, ಕಾಲುಬಾಯಿ ಲಸಿಕೆ, ಕೃತಕ ಗರ್ಭಧಾರಣೆ, ಗರ್ಭ ಪರೀಕ್ಷೆ, ಚಿಕಿತ್ಸೆ ಹೀಗೆ ನಮೂದಾದದ್ದೆಲ್ಲ ಪಶುವೈದ್ಯರಿಗೆ ಕಾಣುತ್ತದೆ. "ಏಳು ತಿಂಗಳ ಗಬ್ಬ" ಎನ್ನುವ ಮಾತನ್ನು ಕೊನೆಯ ಗರ್ಭಧಾರಣೆಯ ದಿನಾಂಕದಿಂದ ಸುಮಾರು 280 ದಿನ ಎಣಿಸಿ ತಾಳೆ ನೋಡಬಹುದು. ಆದರೆ ನಮೂದಾಗದ್ದು ಕಾಣದು. ಆದ್ದರಿಂದ ಲಸಿಕೆ ಹಾಕುವಾಗ, ಗರ್ಭ ಕಟ್ಟಿಸುವಾಗ ಕಿವಿಯೋಲೆ ಸಂಖ್ಯೆ ಬರೆದುಕೊಂಡರೇ ಎಂದು ನಮ್ಮ ಸಿಬ್ಬಂದಿಯನ್ನು ನೀವೇ ಕೇಳಿ. ಕೇಳುವುದು ನಿಮ್ಮ ಹಕ್ಕು. ಕಿವಿ ಹುಣ್ಣಾದೀತೆಂದು ಓಲೆ ಹಾಕಿಸದವರು, ಮಾರುವ ಮುಂಚೆ ಕಿತ್ತು ಹಾಕುವವರು ಹಸುವಿನ ಬೆಲೆಯನ್ನೇ ಕಿತ್ತು ಹಾಕುತ್ತಿದ್ದಾರೆ. ಓಲೆಯಿಲ್ಲದಿದ್ದರೆ ವಿಮೆ ಹಣವೂ ಸಿಗುವುದಿಲ್ಲ.

ಹಾಲಿನ ಲೆಕ್ಕಕ್ಕೆ ಡೈರಿಯ ಚೀಟಿ ಇದೆ. ಆದರೆ ಅದರಲ್ಲಿ ಬರುವುದು ನಿಮ್ಮ ಮನೆಯ ಒಟ್ಟು ಹಾಲು, ಒಂದೊಂದು ಹಸುವಿನದಲ್ಲ. ಮೂರು ಹಸು ಇದ್ದವರು ತಿಂಗಳಿಗೊಂದು ದಿನವಾದರೂ ಎರಡೂ ಹೊತ್ತು ಬೇರೆ ಬೇರೆ ಅಳೆದು, ಮಕ್ಕಳ ಕೈಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿಡಿ. ಒಂದು ಸೂಲಿನ ಲೆಕ್ಕ ಇಟ್ಟವನ ಮಾತಿಗೂ "ಹನ್ನೆರಡು ಲೀಟರ್ ಗ್ಯಾರಂಟಿ" ಎನ್ನುವವನ ಮಾತಿಗೂ ತೂಕ ಬೇರೆ.

ನನ್ನ ಸಲಹೆ ಇಷ್ಟು. ಪ್ರತಿ ಸಂಘವೂ ಸದಸ್ಯರ ರಾಸುಗಳ ಮಾರಾಟಕ್ಕೆ ಒಂದು ವಾಟ್ಸಾಪ್ ಗುಂಪು ಮಾಡಲಿ. ಕಿವಿಯೋಲೆ ಸಂಖ್ಯೆ, ಸೂಲು, ಕರು ಹಾಕಿದ ದಿನ, ಕೊನೆಯ ಲಸಿಕೆ, ಹಾಲಿನ ಲೆಕ್ಕ, ಈ ಐದು ವಿವರ ಇಲ್ಲದ ಹಸುವಿನ ವಿಡಿಯೋ ಅಲ್ಲಿ ಹಾಕುವಂತಿಲ್ಲ ಎಂದು ಮುಂದಿನ ಮಹಾಸಭೆಯಲ್ಲೇ ತೀರ್ಮಾನಿಸಿ.

"ಹಾಗೆ ಮಾಡಿದರೆ ಹಸುವಿನ ದೋಷವೂ ಹೊರಗೆ ಬರುತ್ತದಲ್ಲ ಡಾಕ್ಟ್ರೇ?" ಎಂದು ಕೇಳುವವರಿದ್ದಾರೆ. ಹೌದು, ಬರುತ್ತದೆ. ಮೂರು ಮೊಲೆಯ ಹಸು ಮೂರು ಮೊಲೆಯ ಬೆಲೆಗೇ ಹೋಗಬೇಕು. ಮುಚ್ಚಿಟ್ಟು ಮಾರಿದ ರೋಗ ಹೋಗುವುದು ಇನ್ನೊಬ್ಬ ಸದಸ್ಯನ ಕೊಟ್ಟಿಗೆಗೆ. ಅಲ್ಲಿಂದ ನಿಮ್ಮ ಕೊಟ್ಟಿಗೆ ದೂರವೇನಲ್ಲ.

ಅಲ್ಲಿಯವರೆಗೆ ಮೊಬೈಲಿನಲ್ಲಿ ನೋಡಿ ಕೊಳ್ಳುವವರು ಇಷ್ಟನ್ನು ಮರೆಯಬೇಡಿ. ಹಸುವನ್ನು ಕಣ್ಣಾರೆ ನೋಡದೆ ಮುಂಗಡ ಕಳಿಸಬೇಡಿ. ಹಣ ಪಡೆಯಲು ಯು.ಪಿ.ಐ. ಪಿನ್ ಬೇಡ, ಪಿನ್ ಒತ್ತಿದರೆ ಹಣ ಹೋಗುವುದು ನಿಮ್ಮದೇ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಸತತ ಮೂರು ಹೊತ್ತು ನಿಮ್ಮೆದುರಿಗೇ ಹಿಂಡಿಸಿ ಅಳೆಯಿರಿ. ಬ್ರುಸೆಲ್ಲಾ ಮತ್ತು ಕೆಚ್ಚಲು ಬಾವು ಪರೀಕ್ಷೆ ಆದ ಮೇಲೆ ಬೆಲೆ ಮಾತಾಡಿ. ಸಾಗಿಸುವಾಗ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಇರಲಿ. ತಂದ ಹಸುವನ್ನು ಕನಿಷ್ಠ 21 ದಿನ ಬೇರೆ ಕಟ್ಟಿ, ಕೊನೆಗೆ ಹಿಂಡಿ. ಕಿವಿಯೋಲೆ ದಾಖಲೆಯಲ್ಲಿ, ವಿಮೆಯಲ್ಲಿ ಮಾಲೀಕರ ಹೆಸರು ಬದಲಾಯಿಸಿಕೊಳ್ಳಿ.

ಫೋನು ಬಂದದ್ದರಿಂದ ಕೊಳ್ಳುವವನು ನೂರು ಮೈಲಿ ದೂರದಲ್ಲಿದ್ದಾನೆ. ಅವನಿಗೆ ನಿಮ್ಮ ಮುಖ ಗೊತ್ತಿಲ್ಲ, ನಿಮ್ಮ ಊರಿನಲ್ಲಿ ನಿಮಗಿರುವ ಹೆಸರೂ ಗೊತ್ತಿಲ್ಲ. ಅವನಿಗೆ ತೋರಿಸಲು ನಿಮ್ಮಲ್ಲಿರಬೇಕಾದ್ದು ನೀವು ದಿನಾ ಬರೆದಿಟ್ಟ ಲೆಕ್ಕ. ಇಂದು ಸಂಜೆ ಹಾಲು ಹಿಂಡಿದ ಮೇಲೆ ಅದರ ಮೊದಲ ಸಾಲು ಬರೆಯಿರಿ.