ತೊಂಬತ್ತು ಮೀಟರಿನ ಲೆಕ್ಕ

ತಿಪಟೂರಿಗೆ ಹೋದಾಗಲೆಲ್ಲ ಚಿಕ್ಕಪ್ಪ ಕೇಳುವ ಪ್ರಶ್ನೆ ಒಂದೇ. "ಅಲ್ಲಪ್ಪಾ, ನಿನ್ನ ಕೆಲಸ ಏನು ಅಂತ ಇನ್ನೊಂದ್ಸಲ ಹೇಳು." ಸಾಫ್ಟ್‌ವೇರ್ ಅಂದಿದ್ದರೆ ಅವರು ಅರ್ಥವಾಗದಿದ್ದರೂ ತೃಪ್ತರಾಗುತ್ತಿದ್ದರು. ನೆಟ್‌ವರ್ಕ್ ಅಂದರೆ "ಕೇಬಲ್ ಟಿವಿಯವರ ಥರಾನಾ?" ಅನ್ನುತ್ತಾರೆ. ಎಂ.ಟೆಕ್. ಮುಗಿಸಿ ಬಂದ ಹೊಸತರಲ್ಲಿ ಈ ಮಾತಿಗೆ ಸಿಟ್ಟು ಬರುತ್ತಿತ್ತು. ಈಗ "ಹೆಚ್ಚುಕಡಿಮೆ ಹೌದು ಚಿಕ್ಕಪ್ಪ" ಅಂತ ಹೇಳಿ ಕಾಫಿ ಕುಡಿಯುತ್ತೇನೆ. ಕಳೆದ ಬೇಸಿಗೆಯಲ್ಲಿ ಎರಡೂವರೆ ತಿಂಗಳು ನಾನು ಮಾಡಿದ್ದು ಅಕ್ಷರಶಃ ಕೇಬಲ್ ಎಳೆಸುವ ಕೆಲಸವನ್ನೇ.

ಅಂಧೇರಿ ಪೂರ್ವದಲ್ಲಿ, ಚಕಾಲಾ ಮೆಟ್ರೊ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ನಮ್ಮ ಕಂಪನಿ ಒಂದು ಕಟ್ಟಡದ ಆರು ಮತ್ತು ಏಳನೇ ಮಹಡಿಗಳನ್ನು ಬಾಡಿಗೆಗೆ ಹಿಡಿಯಿತು. ಎರಡೂ ಮಹಡಿ ಸೇರಿ 640 ಪಾಯಿಂಟುಗಳು. ಪಾಯಿಂಟ್ ಅಂದರೆ ಮೇಜಿನ ಕೆಳಗೆ, ಗೋಡೆಯಲ್ಲಿ, ಸೀಲಿಂಗಿನ ವೈಫೈ ಡಬ್ಬಿಯ ಹತ್ತಿರ ನೀವು ನೋಡುವ ಆ ಚೌಕದ ತೂತು. ಪ್ರತಿಯೊಂದು ತೂತಿನಿಂದಲೂ ಒಂದೊಂದು ಕೇಬಲ್ ನಡುವೆ ಎಲ್ಲೂ ಜೋಡಣೆಯಿಲ್ಲದೆ ಸರ್ವರ್ ರೂಮಿನ ಪ್ಯಾಚ್ ಪ್ಯಾನೆಲ್ಲಿಗೆ ಬಂದು ಸೇರಬೇಕು. ಸರ್ವರ್ ರೂಮನ್ನು ಆರನೇ ಮಹಡಿಯಲ್ಲಿಟ್ಟೆವು. ಮುಂಬಯಿಯಲ್ಲಿ ಬೇಸ್‌ಮೆಂಟಿನಲ್ಲಿ ಜಾಗ ಸೋವಿ ಸಿಗುತ್ತದೆ ಅಂತ ಯಾರಾದರೂ ಅಂದರೆ ಹಳಬರು ಸುಮ್ಮನೆ "26 ಜುಲೈ" ಅನ್ನುತ್ತಾರೆ, ಚರ್ಚೆ ಅಲ್ಲಿಗೆ ಮುಗಿಯುತ್ತದೆ. 2005ರ ಆ ಒಂದೇ ದಿನ ಸಾಂತಾಕ್ರೂಜಿನಲ್ಲಿ ಸುರಿದ ಮಳೆ 944 ಮಿಲಿಮೀಟರ್.

ಕೇಬಲ್ ಹಾಕಲು ಬಹಳ ನಿಯಮಗಳಿವೆ. ಎಳೆಯುವಾಗ ಸುಮಾರು 11 ಕೆಜಿ ತೂಕ ನೇತುಹಾಕಿದಷ್ಟಕ್ಕಿಂತ ಹೆಚ್ಚು ಜಗ್ಗಬಾರದು, ಜಗ್ಗಿದರೆ ಒಳಗಿನ ತಂತಿಗಳ ಹೆಣಿಗೆ ಕೆಡುತ್ತದೆ. ತೀರಾ ಮೊನಚಾಗಿ ಬಗ್ಗಿಸಬಾರದು. ಕರೆಂಟಿನ ವೈರಿನ ಜೊತೆ ಒಂದೇ ಟ್ರೇಯಲ್ಲಿ ಮಲಗಿಸಬಾರದು. ಶಾಫ್ಟಿನಲ್ಲಿ ಕೊರೆದ ತೂತುಗಳನ್ನು ಬೆಂಕಿ ತಡೆಯುವ ಗಾರೆಯಿಂದ ಮುಚ್ಚಬೇಕು. ಮುಂಬಯಿಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ, ಹೆಗ್ಗಣ. ಆದರೆ ಎಲ್ಲಕ್ಕಿಂತ ಮೊದಲ ನಿಯಮ ಉದ್ದದ್ದು. ಪ್ಯಾನೆಲ್ಲಿನಿಂದ ಮೇಜಿನ ಪಾಯಿಂಟಿನವರೆಗೆ 90 ಮೀಟರ್ ಮೀರಬಾರದು. ಎರಡು ತುದಿಯ ಚಿಕ್ಕ ಕೇಬಲ್‌ಗಳಿಗೆ ಇನ್ನೊಂದು 10, ಒಟ್ಟು 100. ನಾನು ಇದನ್ನು ನಿದ್ದೆಯಲ್ಲೂ ಹೇಳಬಲ್ಲೆ. ತಪ್ಪು ಮಾಡಿದ್ದೂ ಇಲ್ಲಿಯೇ.

ಸಾಮಾನ್ಯವಾಗಿ ಪ್ರತಿ ಮಹಡಿಗೂ ಒಂದು ಹಬ್ ರೂಮ್ ಇರುತ್ತದೆ. ಆ ಮಹಡಿಯ ಕೇಬಲ್‌ಗಳೆಲ್ಲ ಅಲ್ಲಿಗೆ ಬರುತ್ತವೆ, ಅಲ್ಲಿಂದ ಸರ್ವರ್ ರೂಮಿಗೆ ಫೈಬರ್ ಹೋಗುತ್ತದೆ. ಇಲ್ಲಿ ಜಾಗದ ಬಾಡಿಗೆ ಚದರಡಿಯ ಲೆಕ್ಕ. "ಏಳನೇ ಮಹಡಿಗೆ ಬೇರೆ ರೂಮ್ ಯಾಕೆ, ಕೇಬಲ್ಲನ್ನೇ ಶಾಫ್ಟಿನಲ್ಲಿ ಕೆಳಗಿಳಿಸಿದರಾಯಿತಲ್ಲ?" ಎಂಬ ಪ್ರಶ್ನೆ ಬಂತು. ನಾನು ನಕ್ಷೆಯ ಮೇಲೆ ಅಳೆದೆ. ಅತಿ ದೂರದ ಮೇಜು 74 ಮೀಟರ್. 90ರ ಒಳಗೇ ಇದೆ ಅಂತ ಸಹಿ ಹಾಕಿದೆ.

ನಕ್ಷೆ ಚಪ್ಪಟೆ ಹಾಳೆ, ಕಟ್ಟಡ ಹಾಗಲ್ಲ. ರಾಕಿನಿಂದ ಸೀಲಿಂಗಿಗೆ ಏರಲು 3 ಮೀಟರ್, ಶಾಫ್ಟಿನಲ್ಲಿ 4, ಸೀಲಿಂಗಿನಿಂದ ಮೇಜಿಗೆ ಇಳಿಯಲು 3, ಎರಡು ತುದಿಯಲ್ಲಿ ಮುಂದಿನ ರಿಪೇರಿಗೆಂದು ಬಿಡುವ ಸುರುಳಿ 5. ಇವನ್ನು ನಾನು ಅಂದಾಜಿಸಿದ್ದೆ. ನಕ್ಷೆಯಲ್ಲಿ ಇರದಿದ್ದದ್ದು ಏಸಿಯ ದೊಡ್ಡ ಡಕ್ಟ್. ಅದನ್ನೂ ಲಿಫ್ಟ್ ಲಾಬಿಯನ್ನೂ ಸುತ್ತಿಕೊಂಡು ಟ್ರೇ ಹೋಗಬೇಕಾಗಿ ಬಂದು ಇನ್ನೊಂದು 15 ಮೀಟರ್ ಸೇರಿತು. ಕೂಡಿಸಿ ನೋಡಿ, 104. ಟ್ರೇಯ ದಾರಿ ಬದಲಾಗಿದ್ದು ನನಗೆ ಗೊತ್ತಿತ್ತು, ಒಪ್ಪಿಗೆ ಕೊಟ್ಟವನೂ ನಾನೇ. ಮತ್ತೆ ಕೂಡಿಸಲಿಲ್ಲ, ಅಷ್ಟೆ.

ಕೆಲಸ ನಡೆಯುತ್ತಿದ್ದುದು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ. ಉಳಿದ ಮಹಡಿಗಳಲ್ಲಿ ಬೇರೆ ಕಂಪನಿಗಳಿದ್ದವು, ಹಗಲು ಡ್ರಿಲ್ಲಿಂಗ್ ಮಾಡುವಂತಿಲ್ಲ. ಸರಕು ಲಿಫ್ಟ್ ರಾತ್ರಿ ಮಾತ್ರ, ಅದಕ್ಕೂ ಗೇಟ್ ಪಾಸ್. ರಾತ್ರಿ ಏಸಿ ಇರುತ್ತಿರಲಿಲ್ಲ. ಮೇ ತಿಂಗಳ ಮುಂಬಯಿಯಲ್ಲಿ ಫಾಲ್ಸ್ ಸೀಲಿಂಗಿನೊಳಗೆ ತಲೆ ತೂರಿಸಿ ನಿಂತವನ ಬೆವರು ಏಣಿಯ ಮೆಟ್ಟಿಲ ಮೇಲೆ ತೊಟ್ಟಿಕ್ಕುತ್ತದೆ. ಕಾಂಟ್ರಾಕ್ಟರನ ಹುಡುಗರು ಹದಿನಾಲ್ಕು ಜನ. ನಾನು ಹೋಗಿ ಸುಪರ್‌ವೈಸರನನ್ನು "ಕೈಸಾ ಚಲ್ ರಹಾ ಹೈ?" ಅಂತ ಕೇಳುವುದು, ಅವನು "ಏಕ್‌ದಮ್ ಬರಾಬರ್ ಸರ್" ಅನ್ನುವುದು, ಬೆಳಗಿನ ಮೆಟ್ರೊ ಹಿಡಿದು ನಾನು ಘಾಟ್ಕೋಪರಿಗೆ ವಾಪಸಾಗುವುದು. ಮೂರು ವಾರ ಹೀಗೇ ನಡೆಯಿತು.

ಹಾಗಂತ ನಾನು ಏನನ್ನೂ ಪರೀಕ್ಷಿಸದೆ ಬಿಟ್ಟವನಲ್ಲ. ಮಾರುಕಟ್ಟೆಯಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ನಕಲಿ ಕೇಬಲ್ ಧಾರಾಳವಾಗಿ ಸಿಗುತ್ತದೆ. ಅದಕ್ಕೇ ಬಾಕ್ಸ್ ಎತ್ತಿ ತೂಕ ನೋಡಿದ್ದೆ. ತಂತಿಯನ್ನು ಬ್ಲೇಡಿನಿಂದ ಕೆರೆದು ಒಳಗೆ ಬಿಳಿ ಕಾಣುತ್ತದೆಯೇ ಅಂತಲೂ ನೋಡಿದ್ದೆ. ಅಪ್ಪಟ ತಾಮ್ರವೇ. ಮೋಸ ಬೇರೆಯವರ ಕಡೆಯಿಂದ ಬರುತ್ತದೆ ಅಂತ ಕಾದವನಿಗೆ ತನ್ನ ಕೂಡಿಕೆ ಮತ್ತೊಮ್ಮೆ ನೋಡುವ ಬುದ್ಧಿ ಬರಲಿಲ್ಲ.

ಟೆಸ್ಟಿಂಗ್ ಶುರುವಾದ ರಾತ್ರಿ. ಟೆಸ್ಟರ್ ಎರಡು ಭಾಗದ ಯಂತ್ರ, ಒಂದನ್ನು ಮೇಜಿನ ಕಡೆ ಸಿಕ್ಕಿಸಬೇಕು, ಇನ್ನೊಂದನ್ನು ಪ್ಯಾನೆಲ್ ಕಡೆ. ಕೆಲವೇ ಸೆಕೆಂಡುಗಳಲ್ಲಿ ಉದ್ದ, ಸಂಕೇತದ ಸವಕಳಿ, ಒಂದು ಜೋಡಿಯ ಮಾತು ಪಕ್ಕದ ಜೋಡಿಗೆ ಎಷ್ಟು ಕೇಳಿಸುತ್ತಿದೆ, ಎಲ್ಲವನ್ನೂ ಅಳೆದು ಹಸಿರು ಅಥವಾ ಕೆಂಪು ತೋರಿಸುತ್ತದೆ. ಆರನೇ ಮಹಡಿ ಪೂರ್ತಿ ಹಸಿರು. ಏಳನೆಯದರ ಪಶ್ಚಿಮದ ತುದಿಗೆ ಹೋದೆವು. ಕೆಂಪು. ಮುಂದಿನದೂ ಕೆಂಪು. 104, 101, 106. ಬೆಳಗಾಗುವ ಹೊತ್ತಿಗೆ 62 ಕೆಂಪು ಪಾಯಿಂಟುಗಳು.

ಟೆಸ್ಟರೇ ಕೆಟ್ಟಿರಬೇಕು ಅಂತ ನಾನು ಬಯಸಿದೆ, ಸುಳ್ಳೇಕೆ ಹೇಳಲಿ. ಖಾತ್ರಿ ಮಾಡಿಕೊಳ್ಳಲು ಇನ್ನೊಂದು ದಾರಿ ಇತ್ತು. ಕೇಬಲ್ಲಿನ ಹೊದಿಕೆಯ ಮೇಲೆ ಮೀಟರಿನ ಅಂಕಿ ಅಚ್ಚಾಗಿರುತ್ತದೆ. ಒಂದು ಬಾಕ್ಸಿನಲ್ಲಿ 305 ಮೀಟರ್, ಎಳೆಯುತ್ತ ಹೋದಂತೆ ಅಂಕಿ ಇಳಿಯುತ್ತದೆ. ಆದರೆ ಅಂಕಿಗಳೆಲ್ಲ ಸೀಲಿಂಗಿನೊಳಗೆ, ಗೋಡೆಯೊಳಗೆ ಸೇರಿಹೋಗಿದ್ದವು. ಗುಜರಿಗೆಂದು ಪೇರಿಸಿದ್ದ ಖಾಲಿ ಬಾಕ್ಸುಗಳ ಹತ್ತಿರ ಹೋಗಿ ಸುಮ್ಮನೆ ಒಂದನ್ನು ಕೈಗೆತ್ತಿಕೊಂಡೆ. ಅದರ ಒಳಮುಚ್ಚಳದ ಮೇಲೆ ಮಾರ್ಕರಿನಲ್ಲಿ ಏನೋ ಬರೆದಿತ್ತು: ೩೦೫ – ೨೦೧. ಕೆಳಗೆ ೨೦೧ – ೯೮. ಪಕ್ಕದಲ್ಲಿ ೧೦೪, ೧೦೩.

ಕನ್ನಡದ ಅಂಕಿಗಳು! ಅಂಧೇರಿಯ ಏಳನೇ ಮಹಡಿಯಲ್ಲಿ, ಬೆಳಗಿನ ಜಾವ ನಾಲ್ಕೂವರೆಗೆ. ಇನ್ನೊಂದು ಬಾಕ್ಸ್ ತೆಗೆದೆ, ಅದರಲ್ಲೂ ಇತ್ತು.

"ಇದು ಯಾರು ಬರೆದದ್ದು?" ಅಂತ ಕನ್ನಡದಲ್ಲೇ ಕೂಗಿದೆ. ಮೂಲೆಯ ಏಣಿಯ ಮೇಲಿಂದ ಒಬ್ಬ ಹುಡುಗ ಕೆಳಗೆ ಬಗ್ಗಿ ನೋಡಿದ. ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು.

"ನಾನs ಬರದಿದ್ರಿ. ನೀವು ಕನ್ನಡದವರೇನ್ರಿ ಸರ?"

"ಹೂಂ. ತಿಪಟೂರು. ನಿಂದು ಯಾವೂರಪ್ಪಾ?"

"ಸಿಂದಗಿ ತಾಲೂಕ್ರಿ, ಬಿಜಾಪುರ."

ಕನ್ನಡ ಕೇಳಬೇಕು ಅನ್ನಿಸಿದಾಗ ನಾಟಕ ನೋಡಲು ಮಾಟುಂಗಾದ ಮೈಸೂರು ಅಸೋಸಿಯೇಶನ್‌ವರೆಗೆ ಲೋಕಲ್ ಬದಲಿಸಿ ಹೋಗುವವನು ನಾನು. ಮೂರು ವಾರ ಈ ಏಣಿಯ ಕೆಳಗೇ ಓಡಾಡಿದ್ದೆ.

"ನೂರು ಮೀಟರ್ ದಾಟುತ್ತಿದೆ ಅಂತ ಗೊತ್ತಿತ್ತಾ ನಿನಗೆ?"

"ಗೊತ್ತಿತ್ರಿ. ಒಂದು ಬಾಕ್ಸಿಗೆ ಮೂರು ಲೈನ್ ಬರಬೇಕ್ರಿ. ಇಲ್ಲಿ ಎರಡs ಬರಾಕತ್ತಿದ್ವು. ಸುಪರ್‌ವೈಜರಿಗೆ ಹೇಳೀನ್ರಿ. ನಕ್ಷಾದಾಗ ಇದ್ದಂಗ ಎಳಿ ಅಂದ್ರು."

"ನನಗೆ ಹೇಳಬಹುದಿತ್ತಲ್ಲ?"

"ನೀವು ಬರ್ತಿದ್ರಿ, ಮ್ಯಾಲ ನೋಡ್ತಿದ್ರಿ, ಹೋಗ್ತಿದ್ರಿ. ನಿಮಗ ಹೆಂಗ ಹೇಳೂದ್ರಿ ಸರ."

ಅವನು ಲೆಕ್ಕ ಬರೆದಿಟ್ಟದ್ದು ನಮ್ಮ ನಿಯಮಕ್ಕಾಗಿ ಅಲ್ಲ. ನನ್ನ ಅಳತೆಯ ಪ್ರಕಾರ ಆ ಭಾಗಕ್ಕೆ 17 ಬಾಕ್ಸ್ ಸಾಕಾಗಬೇಕಿತ್ತು. ಐದು ಹೆಚ್ಚಿಗೆ ಖರ್ಚಾಗಿದ್ದವು. ತಾಮ್ರಕ್ಕೆ ಗುಜರಿಯಲ್ಲಿ ಒಳ್ಳೆಯ ಬೆಲೆ ಇದೆ, ಹುಡುಗರು ಕತ್ತರಿಸಿ ಮಾರಿಕೊಂಡಿದ್ದಾರೆ ಅಂತ ಕಾಂಟ್ರಾಕ್ಟರ್ ತೀರ್ಮಾನಿಸಿ, ಆ ಕಡೆ ಎಳೆದ ನಾಲ್ವರ ಪಗಾರದಲ್ಲಿ ಎರಡು ವಾರದಿಂದ ಹಣ ಹಿಡಿಯುತ್ತಿದ್ದ. "ಕದ್ದಿಲ್ಲ ಅಂತ ತೋರಸಾಕ ಬರದಿಟ್ಟೀನ್ರಿ" ಅಂದ. ತೋರಿಸಿದ್ದನಂತೆ ಕೂಡ. ಸುಪರ್‌ವೈಸರನಿಗೆ ಕನ್ನಡದ ಅಂಕಿ ಓದಲು ಬರಲಿಲ್ಲ, ಓದಿ ಹೇಳಿದರೆ ನಂಬಲಿಲ್ಲ.

ನಾನು ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಮಾಡಿದ ತಪ್ಪು ನಾಲ್ಕು ಜನರ ಪಗಾರದಲ್ಲಿ ಹೋಗಿ ಕೂತಿತ್ತು.

ಮರುದಿನದ ಸಭೆ ಸುಲಭದ್ದಾಗಿರಲಿಲ್ಲ. ಕಾಂಟ್ರಾಕ್ಟರ್ ಒಂದು ಕೆಂಪು ಪಾಯಿಂಟಿಗೇ ಲ್ಯಾಪ್‌ಟಾಪ್ ಸಿಕ್ಕಿಸಿ ವಿಡಿಯೊ ಓಡಿಸಿ ತೋರಿಸಿದ. "ದೇಖಿಯೇ, ಚಲ್ ತೋ ರಹಾ ಹೈ." ನಿಜ, ಓಡುತ್ತಿತ್ತು. ನಡುವೆ ಸೀಲಿಂಗಿನಲ್ಲಿ ಒಂದೊಂದು ಸಣ್ಣ ಸ್ವಿಚ್ ಕಟ್ಟಿಬಿಡೋಣ ಎಂಬ ಜುಗಾಡೂ ಬಂತು. ಮುಚ್ಚಿದ ಸೀಲಿಂಗಿನೊಳಗೆ ಕರೆಂಟ್ ಕುಡಿಯುವ ಡಬ್ಬಿ ಕೆಟ್ಟರೆ ಹುಡುಕುವವರು ಯಾರು? ನಮ್ಮ ಮೇಲಧಿಕಾರಿಗಳು ನನ್ನ ಮುಖ ನೋಡಿದರು. ಸ್ಥಳಾಂತರದ ದಿನಾಂಕ ಆಗಲೇ ಎಲ್ಲರಿಗೂ ಮೇಲ್ ಆಗಿತ್ತು.

ನಾನು ಹೇಳಿದ್ದು ಇಷ್ಟು. ಸವಕಳಿಯ ಲೆಕ್ಕವೆಲ್ಲ 20 ಡಿಗ್ರಿ ತಾಪಮಾನಕ್ಕೆ ಹಾಕಿದ್ದು. ಅದರ ಮೇಲೆ ಏರುವ ಪ್ರತಿ ಡಿಗ್ರಿಗೂ ಸವಕಳಿ ಸುಮಾರು 0.4% ಹೆಚ್ಚುತ್ತದೆ. ರಜೆಯ ದಿನ ಏಸಿ ನಿಂತಾಗ ಸೀಲಿಂಗಿನೊಳಗೆ 40 ಆದರೆ ಅಲ್ಲಿಗೇ 8% ಹೋಯಿತು. ಫೋನು, ಕ್ಯಾಮೆರಾ, ವೈಫೈ ಡಬ್ಬಿಗಳು ಇದೇ ಕೇಬಲ್ಲಿನಿಂದ ವಿದ್ಯುತ್ತನ್ನೂ ತೆಗೆದುಕೊಳ್ಳುತ್ತವೆ, ಅದರ ಬಿಸಿ ಬೇರೆ. ಪೂರ್ತಿ ಕೆಟ್ಟರೆ ಚಿಂತೆಯಿಲ್ಲ, ಹುಡುಕಿ ಸರಿಮಾಡಬಹುದು. ಇದು ಕೆಡುವುದು ಮಂಗಳವಾರ ಮಧ್ಯಾಹ್ನ ಹತ್ತು ನಿಮಿಷ, ಆಮೇಲೆ ಮತ್ತೆ ಮುಂದಿನ ತಿಂಗಳು. ಟೆಸ್ಟ್ ಪಾಸಾಗದೆ ತಯಾರಕರ ದೀರ್ಘಾವಧಿಯ ವಾರಂಟಿಯೂ ಸಿಗುವುದಿಲ್ಲ. ಕೊನೆಗೆ, ತಪ್ಪು ನಕ್ಷೆಗೆ ಸಹಿ ಹಾಕಿದವನು ನಾನು, ಎಳೆದವರದು ತಪ್ಪಿಲ್ಲ ಅಂತಲೂ ಹೇಳಿದೆ. ಹೇಳುವಾಗ ಗಂಟಲು ಒಣಗಿತ್ತು. ನಲವತ್ತರ ಹತ್ತಿರದಲ್ಲಿ, ಮನೆ ಸಾಲ ಇರುವವನು ಸಭೆಯಲ್ಲಿ ಹೇಳಲು ಇಷ್ಟಪಡುವ ಮಾತಲ್ಲ ಅದು.

ಏಳನೇ ಮಹಡಿಯ ಪಶ್ಚಿಮ ತುದಿಯಲ್ಲಿ ಪ್ಯಾಂಟ್ರಿ ಪಕ್ಕದ ಒಂದು ಕ್ಯಾಬಿನ್ ಹಬ್ ರೂಮ್ ಆಯಿತು. ಅದು ಸಿಗಬೇಕಿದ್ದ ವಿಭಾಗದ ಮುಖ್ಯಸ್ಥರು "ವೈರುಗಳಿಗೂ ಏಸಿ ಬೇಕಾ?" ಅಂತ ಇವತ್ತಿಗೂ ಲಿಫ್ಟಿನಲ್ಲಿ ಸಿಕ್ಕಾಗ ಕೇಳುತ್ತಾರೆ. ಅಲ್ಲಿಂದ ಸರ್ವರ್ ರೂಮಿಗೆ ಎರಡು ಬೇರೆ ಬೇರೆ ದಾರಿಯಲ್ಲಿ ಫೈಬರ್ ಎಳೆದೆವು. ಒಳ್ಳೆಯ ಮಲ್ಟಿಮೋಡ್ ಫೈಬರ್ 10 ಗಿಗಾಬಿಟ್ ವೇಗದಲ್ಲಿ 400 ಮೀಟರ್ ಓಡುತ್ತದೆ, ಅದಕ್ಕೆ ಈ ದೂರ ಲೆಕ್ಕಕ್ಕೇ ಇಲ್ಲ. 62 ಕೇಬಲ್‌ಗಳನ್ನೂ ನಡುವಿನಿಂದ ಹಿಂದಕ್ಕೆಳೆದು, ಕತ್ತರಿಸಿ, ಹೊಸ ಪ್ಯಾನೆಲ್ಲಿಗೆ ಕಟ್ಟಿದರು. ಅತಿ ಉದ್ದದ್ದು ಈಗ 38 ಮೀಟರ್. ಒಂಬತ್ತು ದಿನ ತಡವಾಯಿತು. ಹೆಚ್ಚುಕಡಿಮೆ 4 ಕಿಲೊಮೀಟರ್ ತುಂಡು ಕೇಬಲ್ ಉಳಿಯಿತು. ನನ್ನ ವರ್ಷದ ಮೌಲ್ಯಮಾಪನದಲ್ಲಿ ಒಂದು ಸಾಲೂ ಸೇರಿತು.

ಸಭೆಯ ದಿನವೇ ಕಾಂಟ್ರಾಕ್ಟರನಿಗೆ ಮೇಲ್ ಬರೆದೆ. ಹೆಚ್ಚು ಕೇಬಲ್ ಹೋಗಿದ್ದು ವಿನ್ಯಾಸದ ತಪ್ಪಿನಿಂದ, ಟೆಸ್ಟರಿನ ಅಳತೆ ಲಗತ್ತಿಸಿದ್ದೇನೆ, ಬಾಕ್ಸುಗಳ ಮೇಲಿನ ಅಂಕಿಗೂ ಅದಕ್ಕೂ ಒಂದು ಮೀಟರಿಗಿಂತ ಹೆಚ್ಚು ವ್ಯತ್ಯಾಸವಿಲ್ಲ, ಹಿಡಿದ ಪಗಾರ ವಾಪಸು ಕೊಡಬೇಕು ಅಂತ. ಉತ್ತರ ಬರಲಿಲ್ಲ. ಅವನ ಕೊನೆಯ ಬಿಲ್ಲಿನ ಕಡತ ನನ್ನ ಮೇಜಿಗೆ ಬಂದಾಗ ಅದರ ಮೇಲೆ ಆ ಮೇಲಿನ ಪ್ರತಿ ಇಟ್ಟು, ಇದಕ್ಕೆ ಉತ್ತರ ಬಂದಿಲ್ಲ ಅಂತ ನೆನಪಿಸಿದೆ. ಇದು ಸರಿಯೋ ತಪ್ಪೋ, ನಮ್ಮ ಖರೀದಿ ವಿಭಾಗದವರು ಓದದಿದ್ದರೆ ಒಳ್ಳೆಯದು.

ಹುಡುಗ ಅಷ್ಟರಲ್ಲಿ ಐರೋಲಿಯ ಇನ್ನೊಂದು ಸೈಟಿಗೆ ಹೋಗಿದ್ದ. ಹದಿನೈದು ದಿನ ಬಿಟ್ಟು ಫೋನ್ ಮಾಡಿದ. "ಎರಡು ಸಾವಿರ ಬಂತ್ರಿ ಸರ, ಉಳದದ್ದು ಮುಂದಿನ ವಾರ ಕೊಡ್ತೀನಿ ಅಂದಾನ." ಉಳಿದ ಮೂವರಿಗೂ ಬಂತಾ ಅಂತ ಕೇಳಿದೆ. ಇಬ್ಬರಿಗೆ ಬಂದಿದೆ, ಮೂರನೆಯವನು ಊರಿಗೆ ಹೋಗಿದ್ದಾನೆ ಅಂದ. ಅಲ್ಲಿನ ಕೆಲಸ ಹೇಗಿದೆ ಅಂತ ವಿಚಾರಿಸಿದೆ.

"ಇಲ್ಲಿ ಚೊಲೊ ಐತ್ರಿ," ಅಂದ. "ಒಂದು ಬಾಕ್ಸಿಗೆ ನಾಲ್ಕು ಬರಾಕತ್ತಾವು."