ಕಂಠದಲ್ಲಿರುವ ಗ್ರಂಥ

ಬೋಗಾದಿಯಲ್ಲಿ ನಮ್ಮ ಎದುರುಮನೆಯಲ್ಲಿ ಕ್ರೈಸ್ತ ಕುಟುಂಬವೊಂದು ವಾಸವಾಗಿರುವುದು. ಆ ಮನೆಯ ಅಜ್ಜಿಯವರಿಗೆ ಎಂಬತ್ತು ಕಳೆದಿದೆ; ದೃಷ್ಟಿಯು ನಷ್ಟವಾಗಿ ನಾಲ್ಕು ವರ್ಷಗಳಾದುವು. ಆದರೂ ಪ್ರತಿದಿನವೂ ಸಂಜೆ ಅವರು ಸತ್ಯವೇದವನ್ನು ತೊಡೆಯ ಮೇಲಿಟ್ಟುಕೊಂಡು, ಅದನ್ನು ತೆರೆಯದೆಯೇ, ಕೀರ್ತನೆಗಳನ್ನು ಒಂದಾದ ಮೇಲೊಂದರಂತೆ ಹೇಳಿಕೊಳ್ಳುವುದು ನಮ್ಮ ಜಗುಲಿಗೆ ಕೇಳಿಸುತ್ತದೆ. ಚಿಕ್ಕಂದಿನಲ್ಲಿ ಭಾನುವಾರದ ಪಾಠಶಾಲೆಯಲ್ಲಿ ವಾರಕ್ಕಿಷ್ಟೆಂದು ಕಲಿತುದಂತೆ.

ಒಂದು ದಿನ ಅವರ ಮೊಮ್ಮಗನು ಮೊಬೈಲನ್ನು ಹಿಡಿದುಕೊಂಡು ಪಾಠ ಒಪ್ಪಿಸಿಕೊಳ್ಳಲು ಕುಳಿತನು. ಎರಡನೆಯ ವಚನಕ್ಕೇ “ಅಜ್ಜೀ, ತಪ್ಪು” ಎಂದನು. ಅಜ್ಜಿಯವರು ಮತ್ತೆ ಹಾಗೆಯೇ ಹೇಳಿದರು. “ಮೇಷ್ಟ್ರೇ, ನೀವೇ ಬಂದು ನೋಡಿ ಹೇಳಿ” ಎಂದು ವ್ಯಾಜ್ಯವು ನಮ್ಮ ಬಳಿಗೆ ಬಂದಿತು. ಹಳೆಯ ಪುಸ್ತಕವನ್ನು ತೆರೆದು ನೋಡಲಾಗಿ ಅಜ್ಜಿಯವರ ಮಾತಿನಲ್ಲಿ ಒಂದಕ್ಷರವೂ ವ್ಯತ್ಯಾಸವಿರಲಿಲ್ಲ. ಹುಡುಗನ ಯಂತ್ರದಲ್ಲಿದ್ದುದು ಹೊಸ ಅನುವಾದವು. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಗಳ ಪರಿಶ್ರಮದಿಂದ 1831ರ ವೇಳೆಗೆ ಸತ್ಯವೇದವು ಕನ್ನಡಕ್ಕೆ ಬಂದಿತು; ಆಮೇಲೆ ಅದು ಹಲವು ಸಲ ಪರಿಷ್ಕೃತವಾಯಿತು. ಪುಸ್ತಕವು ಬದಲಾಗಬಹುದು, ಕಂಠದಲ್ಲಿ ನಿಂತ ಪಾಠವು ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ಕಂಠಪಾಠವೆಂದರೆ ನಮ್ಮ ದೇಶದವರಿಗೆ ಹೊಸತಲ್ಲ. ವೇದಪಾಠಿಗಳು ಪದ, ಕ್ರಮ, ಜಟೆ, ಘನಗಳೆಂದು ಒಂದೇ ಮಂತ್ರವನ್ನು ಹಿಂದುಮುಂದಾಗಿ ಹೆಣೆದು ಹೇಳಿ, ಸ್ವರವೂ ಜಾರದಂತೆ ಕಾಪಾಡಿದರು. ನಾವು ಅಮರಕೋಶವನ್ನು ಬಾಯಿಗೆ ತಂದುಕೊಂಡುದು ಅರ್ಥವನ್ನು ತಿಳಿಯುವುದಕ್ಕಿಂತ ಬಹಳ ಮೊದಲು. ಇಬ್ರಿಯರೂ ಈ ಉಪಾಯವನ್ನು ಬಲ್ಲವರು. ನೂರ ಹತ್ತೊಂಬತ್ತನೆಯ ಕೀರ್ತನೆಯಲ್ಲಿ 176 ವಚನಗಳುಂಟು. ಅವರ ಲಿಪಿಯ 22 ಅಕ್ಷರಗಳಲ್ಲಿ ಒಂದೊಂದಕ್ಕೆ ಎಂಟರಂತೆ, ಆಯಾ ಅಕ್ಷರದಿಂದಲೇ ಆಯಾ ವಚನಗಳು ಮೊದಲಾಗುವುವು. ಮರೆತವನಿಗೆ ವರ್ಣಮಾಲೆಯೇ ದಾರಿ ತೋರಬೇಕೆಂಬುದು ಇದರ ಮರ್ಮವಿರಬೇಕು. ಕನ್ನಡಕ್ಕೆ ಬರುವಾಗ ಈ ಅಕ್ಷರಕ್ರಮವು ಉಳಿಯುವಂತಿಲ್ಲ. ನಿಘಂಟುಕಾರರಾದ ಕಿಟ್ಟೆಲರು 1862ರಲ್ಲಿ ಕ್ರಿಸ್ತಚರಿತ್ರೆಯನ್ನು “ಕಥಾಮಾಲೆ”ಯೆಂದು ಪದ್ಯದಲ್ಲಿ ರಚಿಸಿದರು. ಗದ್ಯವು ನಾಲಗೆಯಿಂದ ಜಾರಿಹೋದರೂ ಪದ್ಯವು ನಿಲ್ಲುವುದೆಂದು ಅವರು ಕಂಡುಕೊಂಡಿದ್ದರೆಂದೇ ನಮ್ಮ ಊಹೆ.

ಯೇಸುಸ್ವಾಮಿಯು ಅಡವಿಯಲ್ಲಿ ನಾಲ್ವತ್ತು ದಿನ ಉಪವಾಸವಿದ್ದು ಶೋಧನೆಗೆ ಗುರಿಯಾದಾಗ ಕೈಯಲ್ಲಿ ಯಾವ ಸುರುಳಿಯಿತ್ತು? ಕೊಟ್ಟ ಮೂರು ಉತ್ತರಗಳೂ ಧರ್ಮೋಪದೇಶಕಾಂಡದವು. ಶಿಲುಬೆಯ ಮೇಲೆ ಆತನ ಬಾಯಿಗೆ ಬಂದುದೂ ಇಪ್ಪತ್ತೆರಡನೆಯ ಕೀರ್ತನೆಯ ಮೊದಲ ಮಾತೇ. ಬಾಲ್ಯದಲ್ಲಿ ಕಿವಿಯಿಂದ ಒಳಗಿಳಿದುದು ಪ್ರಾಣಸಂಕಟದಲ್ಲಿ ತಾನಾಗಿಯೇ ಮೇಲಕ್ಕೆ ಬಂದಿತು.

ಇದು ಗಿಳಿಪಾಠವಲ್ಲವೇ ಎಂದು ಕೇಳುವವರುಂಟು. ಅರ್ಥವನ್ನರಿಯದೆ ವೇದವನ್ನು ಕಲಿತವನು ಹೊರೆ ಹೊತ್ತ ಕಂಬಕ್ಕೆ ಸಮಾನನೆಂದು ಯಾಸ್ಕರ ನಿರುಕ್ತದಲ್ಲಿಯೇ ಆಕ್ಷೇಪಣೆಯುಂಟು, ಅದು ನ್ಯಾಯವೇ. ಆದರೆ ಹೊರೆಯಲ್ಲಿ ಬುತ್ತಿಯಿದ್ದರೆ ಹಸಿದಾಗ ಬಿಚ್ಚಬಹುದಲ್ಲವೇ? ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಉಪಾಧ್ಯಾಯವೃತ್ತಿಯ ಕೊನೆಯ ಹತ್ತು ವರ್ಷಗಳಲ್ಲಿ ನಾವು ಬಾಯಿಪಾಠವನ್ನು ಕೈಬಿಟ್ಟೆವು. ಕಾಲವು ಬದಲಾಯಿತೆಂದು ಹೇಳಿಕೊಂಡೆವು. ನಿಜವಾಗಿ ನಲವತ್ತು ಮಕ್ಕಳಿಂದ ಒಬ್ಬೊಬ್ಬರಾಗಿ ಒಪ್ಪಿಸಿಕೊಳ್ಳುವ ತಾಳ್ಮೆಯು ನಮ್ಮಲ್ಲಿ ಉಳಿದಿರಲಿಲ್ಲ.

ಕಳೆದ ತಿಂಗಳು ಅಜ್ಜಿಯವರಿಗೆ ಪಾರ್ಶ್ವವಾಯು ತಗುಲಿ ಮಾತು ತೊದಲಿತು. ಆಸ್ಪತ್ರೆಯಲ್ಲಿ ಮೊದಲ ರಾತ್ರಿ ಮೊಮ್ಮಗನೊಬ್ಬನೇ ಹಾಸಿಗೆಯ ಬಳಿಯಲ್ಲಿದ್ದನು. ಮೊಬೈಲು ಆರಿಹೋಗಿದ್ದಿತು. ಏನು ಮಾಡಲೂ ತೋಚದೆ, ದಿನವೂ ಕೇಳಿ ಕೇಳಿ ಅರೆಬರೆ ಬರುತ್ತಿದ್ದ ಇಪ್ಪತ್ತಮೂರನೆಯ ಕೀರ್ತನೆಯನ್ನು ಮೊದಲಿಟ್ಟನಂತೆ. ಅದರಲ್ಲಿರುವುದು ಆರೇ ವಚನಗಳು. ಅವನು ನಾಲ್ಕಕ್ಕೆ ನಿಂತನು. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿಯವರ ತುಟಿಗಳಲುಗಿ, ಸೊಟ್ಟಾದ ಬಾಯಿಂದಲೇ ಐದನೆಯ ವಚನವು ಹೊರಟಿತು, ಹಳೆಯ ಪಾಠದಲ್ಲಿ. ಹೆಸರು ಕೇಳಿದರೆ ಹೇಳಲಾರದವರು ಅದನ್ನು ಕೊನೆಮುಟ್ಟಿಸಿದರು. ಇದನ್ನು ನಮಗೆ ಹೇಳುವಾಗ ಹುಡುಗನು ಮುಖವನ್ನು ಆಚೆಗೆ ತಿರುಗಿಸಿಕೊಂಡಿದ್ದನು.

ಅಜ್ಜಿಯವರು ಈಗ ಮನೆಗೆ ಬಂದಿದ್ದಾರೆ. ಮಾತು ಅಷ್ಟಿಷ್ಟು ಮರಳಿದೆ. ಹುಡುಗನು ನೂರ ಇಪ್ಪತ್ತೊಂದನೆಯದನ್ನು ಕಲಿಯುತ್ತಿದ್ದಾನೆ. ಹಳೆಯ ಪುಸ್ತಕದಿಂದಲೇ ಆಗಬೇಕೆಂದು ಅಜ್ಜಿಯವರ ಹಟ. ಅದರೊಳಗಿನ ಹಳೆಯ ಪದಗಳಿಗೆ ಅರ್ಥವನ್ನು ಕೇಳಲು ಅವನು ಸಂಜೆ ರಸ್ತೆ ದಾಟಿ ನಮ್ಮ ಜಗುಲಿಗೆ ಬರುತ್ತಾನೆ.